ಮುಚ್ಚಿದ ಜಾಲತಾಣ ಮತ್ತೆ ತೆರೆಯುವಾಗ

ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ಸ್ವಂತ ಜಾಲತಾಣ ಸಾಮಾನ್ಯವಾಗಿ ಸಣ್ಣದು. ಒಂದು ಪರಿಚಯ ಪುಟ, ಆಗಾಗ ಬರೆದ ಲೇಖನಗಳು, ಬಿಡುವಿನಲ್ಲಿ ಮಾಡಿದ ತಂತ್ರಾಂಶಗಳ ವಿವರ, ಎಲ್ಲೋ ಕೊಟ್ಟ ಉಪನ್ಯಾಸದ ಸ್ಲೈಡುಗಳು. ಕಚೇರಿಯಲ್ಲಿ ಬರೆದ ಕೋಡ್ ಕಂಪನಿಯ ಸ್ವತ್ತು. ಸಾಮಾಜಿಕ ಜಾಲತಾಣದಲ್ಲಿ ಬರೆದದ್ದು ಅದರ ಮಾಲೀಕರು ಹಾಕಿದ ನಿಯಮಕ್ಕೆ ಒಳಪಟ್ಟದ್ದು. ಎಂಜಿನಿಯರ್ ತನ್ನ ಹೆಸರಿನಲ್ಲಿ, ತನಗೆ ಸರಿಕಂಡ ರೀತಿಯಲ್ಲಿ ಇಟ್ಟುಕೊಳ್ಳಬಹುದಾದ ಬರಹ ಉಳಿಯುವುದು ಸ್ವಂತ ತಾಣದಲ್ಲಿ ಮಾತ್ರ. ಇಂಥ ತಾಣಗಳಲ್ಲಿ ಬಹುಪಾಲು ಒಂದು ಹಂತದಲ್ಲಿ ನಿಂತುಹೋಗುತ್ತವೆ. ಕೆಲಸ ಬದಲಾಗುತ್ತದೆ, ಮಕ್ಕಳಾಗುತ್ತವೆ, ಬರೆಯುವ ಹೊತ್ತು ಕೈತಪ್ಪುತ್ತದೆ, ಹೋಸ್ಟಿಂಗ್ ಶುಲ್ಕ ಕಟ್ಟುವುದು ಮರೆತುಹೋಗುತ್ತದೆ. ಐದೋ ಹತ್ತೋ ವರ್ಷ ಕಳೆದ ಮೇಲೆ ಅದನ್ನು ಮತ್ತೆ ತೆರೆಯುವ ಆಸೆ ಹುಟ್ಟುತ್ತದೆ.

ಆಗ ಮೊದಲು ಮನಸ್ಸು ಓಡುವುದು ಹೊಸ ವಿನ್ಯಾಸದ ಕಡೆಗೆ: ಬಣ್ಣ, ಫಾಂಟು, ಈಗ ಚಾಲ್ತಿಯಲ್ಲಿರುವ ಫ್ರೇಮ್‌ವರ್ಕ್. ಇವು ಕೊನೆಗೆ ಬರಬೇಕಾದವು. ಹಳೆಯ ವಿಳಾಸಗಳು ಮತ್ತೆ ತೆರೆಯಬೇಕು, ಹಳೆಯ ಬರಹ ಓದಲು ಬರಬೇಕು, ಇನ್ನೊಂದು ದೀರ್ಘ ಬಿಡುವು ಬಂದರೂ ಕಟ್ಟಿದ್ದು ಕೆಡದೆ ನಿಲ್ಲಬೇಕು. ಮರುಚಾಲನೆಯ ನಿಜವಾದ ಶ್ರಮ ಇರುವುದು ಈ ಮೂರರಲ್ಲಿ.

ವೆಬ್ ಪುಟಗಳ ಆಯುಸ್ಸು ಜನ ಊಹಿಸುವುದಕ್ಕಿಂತ ಕಡಿಮೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ನಂತರ ತೆರೆಯುತ್ತಿರಲಿಲ್ಲ. ಎಂಜಿನಿಯರ್‌ಗಳ ಸ್ವಂತ ಪುಟಗಳು ಹೀಗೆ ಅಳಿದಾಗ ಆಗುವ ನಷ್ಟ ದೊಡ್ಡದು. ಯಾವುದೋ ಪ್ರಿಂಟರ್‌ನ ಡ್ರೈವರ್ ಸರಿಪಡಿಸುವ ಬಗೆ, ಅಪರೂಪದ ದೋಷವೊಂದರ ಕಾರಣ, ಕನ್ನಡ ಕೀಲಿಮಣೆ ಲಿನಕ್ಸ್‌ನಲ್ಲಿ ಓಡುವಂತೆ ಮಾಡುವ ಕ್ರಮ, ಇಂಥವನ್ನು ಒಬ್ಬರು ರಾತ್ರಿ ಕೂತು ಬರೆದಿಟ್ಟಿರುತ್ತಾರೆ. ಅದೇ ಮಾಹಿತಿ ಬೇರೆಲ್ಲೂ ಇರುವುದಿಲ್ಲ.

ಮರುಚಾಲನೆಯ ಅತ್ಯಂತ ಪ್ರಸಿದ್ಧ ಉದಾಹರಣೆ ಜಗತ್ತಿನ ಮೊದಲ ಜಾಲತಾಣದ್ದೇ. ಟಿಮ್ ಬರ್ನರ್ಸ್-ಲೀ 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ನೆಕ್ಸ್ಟ್ ಕಂಪ್ಯೂಟರ್ ಒಂದರ ಮೇಲೆ ಆ ತಾಣ ನಡೆಸುತ್ತಿದ್ದರು. ಈ ಯಂತ್ರ ಸರ್ವರ್, ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅದರ ಮೇಲೆ ಇತ್ತು. ವೆಬ್ ಬೆಳೆದು ಜಗತ್ತನ್ನು ತುಂಬಿದರೂ ಆ ಮೊದಲ ಪುಟಗಳು ಮೂಲ ವಿಳಾಸದಲ್ಲಿ ಉಳಿಯಲಿಲ್ಲ. ವೆಬ್ ತಂತ್ರಾಂಶವನ್ನು ಸರ್ನ್ ಎಲ್ಲರ ಬಳಕೆಗೆ ಮುಕ್ತಗೊಳಿಸಿದ್ದು 1993ರ ಏಪ್ರಿಲ್ 30ರಂದು. ಅದಕ್ಕೆ 20 ವರ್ಷ ತುಂಬಿದಾಗ, 2013ರಲ್ಲಿ, ಸಂಸ್ಥೆ ಹಳೆಯ ಕಡತಗಳನ್ನು ಹುಡುಕಿ ‘ಇನ್ಫೋ ಡಾಟ್ ಸರ್ನ್ ಡಾಟ್ ಸಿಎಚ್’ ಎಂಬ ಮೂಲ ವಿಳಾಸಕ್ಕೆ ಮರಳಿಸಿತು. ಕೈಯಲ್ಲಿದ್ದ ಹಳೆಯ ಪ್ರತಿ 1992ರದು. ಅದಕ್ಕೂ ಹಿಂದಿನದು ಯಾರ ಬಳಿಯಾದರೂ ಇದೆಯೇ ಎಂದು ವಿಚಾರಿಸಿದಾಗ ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪಾಲ್ ಜೋನ್ಸ್ ಅವರ ಬಳಿ 1991ರ ಪ್ರತಿಯೊಂದು ಸಿಕ್ಕಿತು. ಮೊದಮೊದಲ ಪುಟಗಳನ್ನು ತಿದ್ದಿದ ಹಾಗೆಲ್ಲ ಹಳೆಯದರ ಮೇಲೆಯೇ ಹೊಸದು ಬರೆಯಲಾಗಿತ್ತು; ಹಾಗಾಗಿ ಮೊಟ್ಟಮೊದಲ ರೂಪ ಇಂದಿಗೂ ಸಿಕ್ಕಿಲ್ಲ. ವೆಬ್ ಕಟ್ಟಿದವರ ತಾಣದ ಕಥೆಯೇ ಹೀಗಿರುವಾಗ ಉಳಿದವರು ತಮ್ಮ ತಾಣದ ಬ್ಯಾಕಪ್ ಬಗ್ಗೆ ಯೋಚಿಸಲೇಬೇಕು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 1992ರ ಆ ಪುಟ ಇಂದಿನ ಫೋನಿನ ಬ್ರೌಸರ್‌ನಲ್ಲೂ ಯಾವ ದುರಸ್ತಿಯೂ ಇಲ್ಲದೆ ತೆರೆದುಕೊಳ್ಳುತ್ತದೆ. ಬರಿಯ ಎಚ್‌ಟಿಎಂಎಲ್‌ನಲ್ಲಿ ಬರೆದದ್ದಕ್ಕೆ ಮೂರು ದಶಕದ ಆಯುಸ್ಸು ಇದೆ ಎಂದು ಇದರಿಂದ ಸಾಬೀತಾಗಿದೆ. ಅದಾದ ಕೆಲವೇ ವರ್ಷಗಳಲ್ಲಿ ಬಂದ ಎಷ್ಟೋ ತಂತ್ರಗಳಿಗೆ ಆ ಆಯುಸ್ಸು ದಕ್ಕಲಿಲ್ಲ. ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ರಂದು ಬೆಂಬಲ ನಿಂತಿತು, ಜಾವಾ ಆ್ಯಪ್ಲೆಟ್‌ಗಳನ್ನು ಬ್ರೌಸರ್‌ಗಳು ಒಂದೊಂದಾಗಿ ಕೈಬಿಟ್ಟವು.

ವಿಳಾಸ ಯಾರ ಕೈಯಲ್ಲಿದೆ

ಮರುಚಾಲನೆಯಲ್ಲಿ ಮೊದಲು ನೋಡಬೇಕಾದದ್ದು ಡೊಮೈನ್ ಹೆಸರು ಇನ್ನೂ ತನ್ನದಾಗಿದೆಯೇ ಎಂಬುದನ್ನು. ಡೊಮೈನ್ ಯಾರಿಗೂ ಶಾಶ್ವತವಾಗಿ ಮಾರಾಟವಾಗುವುದಿಲ್ಲ. ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷದವರೆಗೆ ನೋಂದಾಯಿಸಿಕೊಳ್ಳಬಹುದು. ‘ಡಾಟ್ ಕಾಮ್’ ಮೊದಲಾದ ಸಾಮಾನ್ಯ ವರ್ಗದ ಹೆಸರುಗಳು ಅವಧಿ ಮುಗಿದ ತಕ್ಷಣ ಕೈಬಿಟ್ಟು ಹೋಗುವುದಿಲ್ಲ. ನೋಂದಣಿ ಸಂಸ್ಥೆಯನ್ನು ಅವಲಂಬಿಸಿ 45 ದಿನದವರೆಗೆ ಮಾಮೂಲಿ ಶುಲ್ಕದಲ್ಲೇ ನವೀಕರಿಸಲು ಅವಕಾಶ ಇರಬಹುದು. ಆಮೇಲಿನ 30 ದಿನ ಬಿಡಿಸಿಕೊಳ್ಳುವ ಅವಧಿ, ಆಗ ಹೆಚ್ಚು ಹಣ ತೆರಬೇಕು. ಅದೂ ಮುಗಿದರೆ 5 ದಿನದಲ್ಲಿ ಹೆಸರು ಅಳಿಸಿಹೋಗಿ ಯಾರು ಬೇಕಾದರೂ ಕೊಳ್ಳಬಹುದಾದ ಸ್ಥಿತಿಗೆ ಬರುತ್ತದೆ. ಒಳ್ಳೆಯ ಹೆಸರುಗಳಿಗಾಗಿ ಕಾದು ಕೂತು ಆ ಕ್ಷಣದಲ್ಲೇ ಹಿಡಿಯುವ ವ್ಯವಹಾರವೂ ಇದೆ. ನಾಲ್ಕೈದು ವರ್ಷ ಗಮನಿಸದೆ ಬಿಟ್ಟ ಸ್ವಂತ ಹೆಸರಿನ ತಾಣ ಜೂಜಿನ ಜಾಹೀರಾತಿನ ಪುಟವಾಗಿ ಎದುರಾಗುವುದು ಹೀಗೆ.

ಹೆಸರು ಕಳೆದುಕೊಂಡರೆ ಹೋಗುವುದು ತಾಣವೊಂದೇ ಅಲ್ಲ, ಆ ಹೆಸರಿನ ಇಮೇಲ್ ಕೂಡ. ಹೊಸ ಮಾಲೀಕ ಅದೇ ಇಮೇಲ್ ವಿಳಾಸ ಸೃಷ್ಟಿಸಿ, ಬೇರೆ ಬೇರೆ ಸೇವೆಗಳಲ್ಲಿ ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದರೆ ಖಾತೆಗಳ ಬೀಗವೇ ಅವನ ಕೈಗೆ ಬರುತ್ತದೆ. ಇದು ಬರಿಯ ಊಹೆಯಲ್ಲ. 2022ರ ಮೇ ತಿಂಗಳಲ್ಲಿ ಪೈಥಾನ್ ಭಾಷೆಯ ಸಾರ್ವಜನಿಕ ತಂತ್ರಾಂಶ ಭಂಡಾರವಾದ ಪೈಪಿಐನಲ್ಲಿ ‘ಸಿಟಿಎಕ್ಸ್’ ಎಂಬ ಹಳೆಯ ಪ್ಯಾಕೇಜ್ ಒಬ್ಬ ದಾಳಿಕೋರನ ವಶವಾಯಿತು. ಅದನ್ನು ಬರೆದವರ ಇಮೇಲ್‌ನ ಡೊಮೈನ್ ಅವಧಿ ಮುಗಿದಿತ್ತು. ದಾಳಿಕೋರ ಅದನ್ನು ಕೊಂಡು, ಪಾಸ್‌ವರ್ಡ್ ಬದಲಿಸಿ, ಬಳಕೆದಾರರ ಗುಪ್ತ ಮಾಹಿತಿ ಕದಿಯುವ ಕೋಡನ್ನು ಪ್ಯಾಕೇಜಿನೊಳಗೆ ಸೇರಿಸಿದ. ಆದ್ದರಿಂದ ತಾಣ ಮತ್ತೆ ತೆರೆಯುವ ಉದ್ದೇಶ ಇಲ್ಲದಿದ್ದರೂ ಇಮೇಲ್‌ಗೆ ಬಳಸಿದ ಡೊಮೈನನ್ನು ಬಿಟ್ಟುಕೊಡಬಾರದು. ಬಿಡಲೇಬೇಕೆಂದಿದ್ದರೆ ಎಲ್ಲ ಖಾತೆಗಳಿಂದ ಆ ಇಮೇಲ್ ತೆಗೆದ ಮೇಲೆ ಬಿಡಬೇಕು.

ಹೆಸರು ಹೋಗಿಯೇ ಬಿಟ್ಟಿದ್ದರೆ ಹೊಸದನ್ನು ಆರಿಸುವಾಗ ಅದರ ಕೊನೆಯ ಭಾಗದ ಕಡೆಗೂ ಗಮನ ಬೇಕು. ಇನ್‌ಪುಟ್-ಔಟ್‌ಪುಟ್ ನೆನಪಿಸುತ್ತದೆ ಎಂಬ ಕಾರಣಕ್ಕೆ ಎಂಜಿನಿಯರ್‌ಗಳು ಮೆಚ್ಚಿಕೊಂಡ ‘ಡಾಟ್ ಐಒ’ ನಿಜವಾಗಿ ಹಿಂದೂ ಮಹಾಸಾಗರದ ಬ್ರಿಟಿಷ್ ಪ್ರದೇಶದ ಸಂಕೇತ. ಆ ಚಾಗೋಸ್ ದ್ವೀಪಗಳ ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಒಪ್ಪಿಸುವುದಾಗಿ ಬ್ರಿಟನ್ 2024ರ ಅಕ್ಟೋಬರ್‌ನಲ್ಲಿ ಘೋಷಿಸಿದಾಗಿನಿಂದ ಅದರ ಭವಿಷ್ಯದ ಬಗ್ಗೆ ಪ್ರಶ್ನೆ ಎದ್ದಿದೆ. ದೇಶವೇ ಇಲ್ಲವಾದ ಮೇಲೆ ಯುಗೊಸ್ಲಾವಿಯಾದ ‘ಡಾಟ್ ವೈಯು’ 2010ರಲ್ಲಿ ನಿಂತುಹೋದದ್ದು ಕಣ್ಣ ಮುಂದಿದೆ. 2005ರಲ್ಲಿ ಎಲ್ಲರಿಗೂ ತೆರೆದುಕೊಂಡ ‘ಡಾಟ್ ಇನ್’ ಭಾರತದಲ್ಲಿರುವವರಿಗೆ ಅಗ್ಗದ, ಭದ್ರವಾದ ಆಯ್ಕೆ. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಮುಗಿಯುವ ಹೆಸರೂ ಸಿಗುತ್ತದೆ. ಅದನ್ನು ಯಂತ್ರಗಳು ಒಳಗೊಳಗೆ ರೋಮನ್ ಅಕ್ಷರಗಳ ಸರಣಿಯಾಗಿ ಬದಲಿಸಿಕೊಳ್ಳುತ್ತವೆ. ಕೆಲವು ಇಮೇಲ್ ವ್ಯವಸ್ಥೆಗಳು ಇನ್ನೂ ಅದನ್ನು ಒಪ್ಪದ ಕಾರಣ, ಸದ್ಯಕ್ಕೆ ಅದನ್ನು ಎರಡನೆಯ ವಿಳಾಸವಾಗಿ ಇಟ್ಟುಕೊಳ್ಳುವುದು ಒಳಿತು.

ಹಳೆಯ ಬರಹ ಕೂಡಿಸುವುದು

ವಿಳಾಸ ಕೈಗೆ ಬಂದ ಮೇಲೆ ಬರಹಗಳ ಹುಡುಕಾಟ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್, ಡೇಟಾಬೇಸಿನ ಬ್ಯಾಕಪ್ ಕಡತ, ಗೆಳೆಯರಿಗೆ ಕಳಿಸಿದ ಕರಡುಗಳಿರುವ ಇಮೇಲ್, ಬರೆದಿಟ್ಟ ಸಿಡಿ, ಎಲ್ಲವನ್ನೂ ತಡಕಬೇಕಾಗುತ್ತದೆ. ಎಲ್ಲೂ ಸಿಗದಿದ್ದರೆ ಕೊನೆಯ ಆಸರೆ ಇಂಟರ್ನೆಟ್ ಆರ್ಕೈವ್. ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭಿಸಿದ ಈ ಸಂಸ್ಥೆ ವೆಬ್ ಪುಟಗಳ ಪ್ರತಿ ತೆಗೆದಿಡುತ್ತ ಬಂದಿದೆ. 2001ರಲ್ಲಿ ತೆರೆದ ಅದರ ವೇಬ್ಯಾಕ್ ಮಷೀನ್ ಮೂಲಕ ಯಾರು ಬೇಕಾದರೂ ಹಳೆಯ ದಿನಾಂಕದ ಪುಟ ನೋಡಬಹುದು. ಸ್ವಂತ ತಾಣದ ನಕಲು ಎಲ್ಲವನ್ನೂ ಅಲ್ಲಿಂದ ಇಳಿಸಿಕೊಡುವ ಸಣ್ಣ ತಂತ್ರಾಂಶಗಳೂ ಇವೆ. ಆರ್ಕೈವ್ ತೋರಿಸುವ ಪುಟದಲ್ಲಿ ಅದರದ್ದೇ ಪಟ್ಟಿ, ಬದಲಿಸಿದ ಕೊಂಡಿಗಳು ಸೇರಿರುತ್ತವೆ. ಅವನ್ನು ತೆಗೆದ ಮೂಲ ಪ್ರತಿಯನ್ನೇ ಕೇಳಿ ಪಡೆಯಬೇಕು. ಚಿತ್ರಗಳು, ಇಳಿಸಿಕೊಳ್ಳಲು ಇಟ್ಟಿದ್ದ ಜಿಪ್ ಕಡತಗಳು ಹಲವು ಸಲ ಅಲ್ಲೂ ಇರುವುದಿಲ್ಲ. ಒಂದೇ ಭಂಡಾರವನ್ನು ನಂಬಿ ಕೂರುವಂತಿಲ್ಲ ಎಂಬುದೂ 2024ರ ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಸೈಬರ್ ದಾಳಿಗೆ ಸಿಕ್ಕಿ ಆರ್ಕೈವ್ ಕೆಲವು ದಿನ ತೆರೆಯಲೇ ಇಲ್ಲ.

ಇನ್ನೊಬ್ಬರ ಜಾಗದಲ್ಲಿ ಉಚಿತವಾಗಿ ತಾಣ ಇಟ್ಟಿದ್ದವರ ಪಾಡು ಇನ್ನೂ ಕಠಿಣ. ಜಿಯೋಸಿಟೀಸ್ ಅಮೆರಿಕದಲ್ಲಿ 2009ರ ಅಕ್ಟೋಬರ್‌ನಲ್ಲಿ ಮುಚ್ಚಿದಾಗ ಲಕ್ಷಾಂತರ ಸ್ವಂತ ಪುಟಗಳು ಒಟ್ಟಿಗೆ ಹೋದವು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಹಗಲಿರುಳು ನಕಲು ಮಾಡಿಕೊಂಡಿದ್ದರಿಂದ ದೊಡ್ಡ ಭಾಗವೊಂದು ಉಳಿದಿದೆ. ಗೂಗಲ್ ಕೋಡ್ 2016ರಲ್ಲಿ ಮುಚ್ಚಿದ್ದರಿಂದ ಅಲ್ಲಿದ್ದ ತಂತ್ರಾಂಶಗಳಿಗೆ ಹಳೆಯ ತಾಣಗಳಿಂದ ಕೊಟ್ಟಿದ್ದ ಕೊಂಡಿಗಳನ್ನೂ ಈಗ ಒಂದೊಂದಾಗಿ ನೋಡಬೇಕು.

ಕನ್ನಡ ಪುಟಗಳ ತೊಡಕು

ಕನ್ನಡದಲ್ಲಿ ಬರೆದ ಎಂಜಿನಿಯರ್‌ಗಳಿಗೆ ಇಲ್ಲಿ ಇಂಗ್ಲಿಷಿನವರಿಗಿಲ್ಲದ ಕೆಲಸವಿದೆ. ಕನ್ನಡ ವೆಬ್‌ನ ಆರಂಭ ಬಹಳ ಹಿಂದಿನದು, ಯು.ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಅಂತರಜಾಲಕ್ಕೆ ಬಂದಿತ್ತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ 1991ರಿಂದಲೇ ಇದ್ದರೂ ಮನೆಮನೆಯ ಕಂಪ್ಯೂಟರ್‌ಗಳಲ್ಲಿ ಅದು ಸರಿಯಾಗಿ ಮೂಡತೊಡಗಿದ್ದು ವಿಂಡೋಸ್ ಎಕ್ಸ್‌ಪಿ ಬಂದ ನಂತರ. ಅಲ್ಲಿಯವರೆಗೆ, ಎಷ್ಟೋ ಕಡೆ ಆಮೇಲೆಯೂ, ಬರಹ ನಡೆದದ್ದು ಫಾಂಟ್ ಆಧಾರಿತ ಸಂಕೇತಗಳಲ್ಲಿ. ಕಡತದಲ್ಲಿ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಸಂಕೇತ. ‘ಬರಹ’ ಅಥವಾ ‘ನುಡಿ’ ತಂತ್ರಾಂಶದ ಫಾಂಟು ಅವಕ್ಕೆ ಕನ್ನಡದ ಆಕಾರ ಕೊಡುತ್ತಿತ್ತು. ಆ ಫಾಂಟು ಇಲ್ಲದ ಇಂದಿನ ಫೋನಿನಲ್ಲಿ ಅಂಥ ಪುಟ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ.

ಇದನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಲಭ್ಯವಿವೆ. ಆದರೆ ಅದು ಒಂದು ಸಂಕೇತದ ಜಾಗಕ್ಕೆ ಇನ್ನೊಂದನ್ನು ಇಡುವಷ್ಟು ಸರಳವಲ್ಲ. ಹಳೆಯ ಸಂಕೇತದಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಕಡತದ ಕ್ರಮ: ‘ಅರ್ಥ’ ಎಂದು ಬರೆಯುವಾಗ ‘ಥ’ ಮೊದಲು, ಅರ್ಕಾವತ್ತು ಆಮೇಲೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು ಬರಬೇಕು. ಪರಿವರ್ತಕ ಪ್ರತಿ ಗುಣಿತ, ಒತ್ತಕ್ಷರವನ್ನು ಹೀಗೆ ಮರುಜೋಡಣೆ ಮಾಡಬೇಕು. ಅದಕ್ಕಿಂತ ದೊಡ್ಡ ಅಪಾಯ ಇರುವುದು ತಾಂತ್ರಿಕ ಬರಹಗಳಲ್ಲಿ. ನಡುನಡುವೆ ಬಂದ ಇಂಗ್ಲಿಷ್ ಪದ, ಪ್ರೋಗ್ರಾಮಿನ ಕೋಡ್ ಎಲ್ಲವೂ ಅದೇ ಸಂಕೇತಗಳಲ್ಲಿ ಇರುವುದರಿಂದ ಪರಿವರ್ತಕ ಅವನ್ನೂ ಕನ್ನಡ ಎಂದು ತಿಳಿದು ಕಲಸಿಬಿಡುತ್ತದೆ. ಕೋಡ್ ಇರುವ ಭಾಗಗಳನ್ನು ಮೊದಲೇ ಬೇರೆ ತೆಗೆದಿಟ್ಟು, ಉಳಿದದ್ದನ್ನು ಪರಿವರ್ತಿಸಿ, ಮತ್ತೆ ಸೇರಿಸಿ, ಆಮೇಲೆ ಸಾಲು ಸಾಲಾಗಿ ಕಣ್ಣಿಟ್ಟು ಓದಬೇಕು. ಈ ಕರಡು ತಿದ್ದುವ ಕೆಲಸವನ್ನು ಯಾವ ಯಂತ್ರಕ್ಕೂ ಪೂರ್ತಿ ಬಿಡುವಂತಿಲ್ಲ. ಬರಹವನ್ನು ಚಿತ್ರವಾಗಿ ಏರಿಸಿದ್ದ ಪುಟಗಳಿಗೆ ಟೆಸರಾಕ್ಟ್‌ನಂಥ ಅಕ್ಷರ ಗುರುತಿಸುವ ತಂತ್ರಾಂಶ ಕನ್ನಡದಲ್ಲೂ ನೆರವಾಗುತ್ತದೆ.

ಯುನಿಕೋಡ್‌ನಲ್ಲೇ ಬರೆದವರಿಗೂ ಕಷ್ಟ ತಪ್ಪಿದ್ದಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಮೈಎಸ್‌ಕ್ಯುಎಲ್ ಡೇಟಾಬೇಸ್ 2018ರಲ್ಲಿ ಬಂದ 8.0 ಆವೃತ್ತಿಯವರೆಗೂ ಬೇರೆ ಹೇಳದಿದ್ದರೆ ಎಲ್ಲವನ್ನೂ ಪಶ್ಚಿಮ ಯುರೋಪಿನ ಲ್ಯಾಟಿನ್-1 ಎಂದೇ ಭಾವಿಸುತ್ತಿತ್ತು. ಅಂಥ ಡೇಟಾಬೇಸಿನ ಬ್ಯಾಕಪ್ ತೆರೆದರೆ ಒಂದೊಂದು ಕನ್ನಡ ಸಂಕೇತದ ಜಾಗದಲ್ಲಿ ಮೂರು ವಿಚಿತ್ರ ಗುರುತುಗಳು ಕಾಣುತ್ತವೆ: ತಲೆಯ ಮೇಲೆ ಓರೆ ಗೆರೆಯಿರುವ ರೋಮನ್ ಎ, ಅದರ ಬೆನ್ನಿಗೆ ಮೇಲೇರಿದ ಸಣ್ಣ 2 ಅಥವಾ 3, ಆಮೇಲೆ ಇನ್ನೇನೋ ಒಂದು. ಇದನ್ನು ಕಂಡು ಕೈಚೆಲ್ಲಬೇಕಿಲ್ಲ. ಬೈಟುಗಳು ಹಾಗೆಯೇ ಇವೆ, ಓದಿದ ರೀತಿ ಮಾತ್ರ ತಪ್ಪಾಗಿದೆ. ಅದನ್ನು ತಿರುಗಿಸಿದರೆ ಬರಹ ಪೂರ್ತಿ ಮರಳುತ್ತದೆ. ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಮಾತ್ರ ಆ ಪ್ರತಿಯಿಂದ ಏನನ್ನೂ ಪಡೆಯಲಾಗದು.

ಇನ್ನೂ ಸೂಕ್ಷ್ಮವಾದ ಎರಡು ವಿಷಯಗಳಿವೆ. ‘ರ್‍ಯಾಂಕ್’, ‘ರ್‍ಯಾಲಿ’ಯಂಥ ಪದಗಳಲ್ಲಿ ರಕಾರ ಅರ್ಕಾವತ್ತಾಗದೆ ಉಳಿಯುವುದು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದರಿಂದ. ಕಡತ ಸ್ವಚ್ಛಗೊಳಿಸುವ ಉತ್ಸಾಹದಲ್ಲಿ ಕಾಣದ ಸಂಕೇತಗಳನ್ನೆಲ್ಲ ತೆಗೆದರೆ ಇಂಥ ಪದಗಳೆಲ್ಲ ಕೆಡುತ್ತವೆ. ಹಾಗೆಯೇ ‘ಕೋ’ ಎಂಬಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿಯೂ, ಎರಡು ಮೂರು ತುಂಡುಗಳಾಗಿಯೂ ಇಡಬಹುದು. ನೋಡಲು ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹಾಗಾಗಿ ಇರುವ ಪದವೇ ಹುಡುಕಿದಾಗ ಸಿಗುವುದಿಲ್ಲ. ಎಲ್ಲ ಕಡತಗಳನ್ನು ಒಮ್ಮೆ ಯುನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದುಬಿಟ್ಟರೆ ಈ ತೊಂದರೆ ಮುಗಿಯುತ್ತದೆ.

ಯಾವುದರ ಮೇಲೆ ಕಟ್ಟುವುದು

ಸ್ವಂತ ತಾಣಗಳಲ್ಲಿ ಬಹಳಷ್ಟು 2003ರಲ್ಲಿ ಬಂದ ವರ್ಡ್‌ಪ್ರೆಸ್ ಅಥವಾ ಅದರಂಥ ವ್ಯವಸ್ಥೆಗಳ ಮೇಲೆ ನಿಂತವು. ಪ್ರತಿ ಸಲ ಪುಟ ಕೇಳಿದಾಗಲೂ ಪಿಎಚ್‌ಪಿ ಕೋಡ್ ಓಡಿ, ಡೇಟಾಬೇಸಿನಿಂದ ಬರಹ ತೆಗೆದು ಜೋಡಿಸುವ ರೀತಿ ಅದು. ಗಮನ ಕೊಡುವವರಿಗೆ ಅನುಕೂಲಕರ, ಬಿಟ್ಟುಹೋಗುವವರಿಗೆ ಅಪಾಯಕರ. ಪಿಎಚ್‌ಪಿ 7 ಬಂದಾಗ ಹಳೆಯ ಮೈಎಸ್‌ಕ್ಯುಎಲ್ ಆಜ್ಞೆಗಳನ್ನೇ ತೆಗೆದುಹಾಕಿದ್ದರಿಂದ ತಿದ್ದದೆ ಉಳಿದ ಪ್ಲಗಿನ್‌ಗಳು ಕೆಲಸ ನಿಲ್ಲಿಸಿದವು. ನವೀಕರಿಸದ ತಾಣಗಳಲ್ಲಿ ಕಳ್ಳ ಕೋಡ್ ಸೇರಿಸುವವರೂ ಇದ್ದಾರೆ. ಹತ್ತು ವರ್ಷ ಹಳೆಯ ವರ್ಡ್‌ಪ್ರೆಸ್ಸನ್ನು ಇದ್ದ ಹಾಗೆ ಮತ್ತೆ ಸಾರ್ವಜನಿಕ ಸರ್ವರ್‌ಗೆ ಏರಿಸುವುದು ಬೇಡವೇ ಬೇಡ. ಮನೆಯ ಕಂಪ್ಯೂಟರಿನಲ್ಲಿ ತೆರೆದು, ಬರಹಗಳನ್ನು ಹೊರತೆಗೆದು, ಆ ವ್ಯವಸ್ಥೆಯನ್ನು ಅಲ್ಲಿಗೆ ಬಿಡಬೇಕು.

ಎಂಜಿನಿಯರ್‌ಗಳು ಈಗ ಹೆಚ್ಚಾಗಿ ಆರಿಸುವುದು ಸ್ಥಿರ ಪುಟಗಳ ದಾರಿ. ಬರಹ ಸರಳ ಪಠ್ಯ ಕಡತದಲ್ಲಿ, ಸಾಮಾನ್ಯವಾಗಿ ಜಾನ್ ಗ್ರೂಬರ್ 2004ರಲ್ಲಿ ರೂಪಿಸಿದ ಮಾರ್ಕ್‌ಡೌನ್ ರೂಪದಲ್ಲಿ ಇರುತ್ತದೆ. ಜೆಕಿಲ್, ಹ್ಯೂಗೊ ಮೊದಲಾದ ತಂತ್ರಾಂಶ ಅದನ್ನು ಒಮ್ಮೆಗೇ ಎಚ್‌ಟಿಎಂಎಲ್ ಪುಟಗಳಾಗಿ ಮಾಡಿಡುತ್ತದೆ. ಸರ್ವರ್ ಮಾಡಬೇಕಾದದ್ದು ಆ ಕಡತ ಕೊಡುವುದಷ್ಟೇ. ಡೇಟಾಬೇಸ್ ಬೇಡ, ದಾಳಿಗೆ ಆಸ್ಪದವೂ ಕಡಿಮೆ. ಗಿಟ್‌ಹಬ್‌ನ ಸಹಸಂಸ್ಥಾಪಕ ಟಾಮ್ ಪ್ರೆಸ್ಟನ್-ವರ್ನರ್ 2008ರಲ್ಲಿ ಜೆಕಿಲ್ ಬರೆದದ್ದು ತನ್ನ ಸ್ವಂತ ತಾಣಕ್ಕಾಗಿ. ಈ ತಂತ್ರಾಂಶಗಳಿಗೂ ಮುಪ್ಪು ಇದೆ. ಐದು ವರ್ಷದ ಬಳಿಕ ಹೊಸ ಕಂಪ್ಯೂಟರಿನಲ್ಲಿ ಹಳೆಯ ಜೆಕಿಲ್ ಅನ್ನು ಸ್ಥಾಪಿಸಲು ಹೋದರೆ ಅದು ನೆಚ್ಚಿಕೊಂಡ ಹತ್ತಾರು ಪ್ಯಾಕೇಜ್‌ಗಳಲ್ಲಿ ಯಾವುದಾದರೂ ಒಂದು ಸಿಗದೆ ಹೋಗಬಹುದು. ಇದಕ್ಕೆ ಮದ್ದು ಸರಳ: ಮಾರ್ಕ್‌ಡೌನ್ ಮೂಲದ ಜೊತೆಗೆ ಸಿದ್ಧವಾದ ಎಚ್‌ಟಿಎಂಎಲ್ ಪುಟಗಳನ್ನೂ ಅದೇ ಗಿಟ್ ಭಂಡಾರದಲ್ಲಿ ಇಡುವುದು. ಪುಟ ಕಟ್ಟುವ ಯಂತ್ರ ಕೆಟ್ಟರೂ ಕಟ್ಟಿದ ಪುಟಗಳು ಉಳಿಯುತ್ತವೆ.

ಈ ಹಂತದಲ್ಲಿ ಎಂಜಿನಿಯರ್‌ಗಳನ್ನು ಬಲವಾಗಿ ಸೆಳೆಯುವುದು ತನ್ನದೇ ಹೊಸ ತಂತ್ರಾಂಶ ಬರೆದು ತಾಣ ಕಟ್ಟುವ ಆಸೆ. ಕಲಿಕೆಗೆ ಅದು ಒಳ್ಳೆಯದೇ. ಆದರೆ ಬರಹಗಳನ್ನು ಓದುಗರಿಗೆ ತಲುಪಿಸುವುದು ಉದ್ದೇಶವಾಗಿದ್ದರೆ ಗೊತ್ತಿರುವ ಸಾಧನ ಹಿಡಿದು ಮುಂದೆ ಹೋಗುವುದೇ ಸರಿ. ತಂತ್ರಾಂಶ ಅರ್ಧಕ್ಕೆ ನಿಂತರೆ ತಾಣವೂ ಅರ್ಧಕ್ಕೆ ನಿಲ್ಲುತ್ತದೆ.

ಕೊಂಡಿಗಳ ದುರಸ್ತಿ

ತಾಣ ಮುಚ್ಚಿದ್ದಾಗಲೂ ಅದರ ಕಡೆಗೆ ಬೇರೆಯವರು ಕೊಟ್ಟ ಕೊಂಡಿಗಳು ಎಲ್ಲೆಲ್ಲೋ ಉಳಿದಿರುತ್ತವೆ: ಪುಸ್ತಕದ ಅಡಿಟಿಪ್ಪಣಿಯಲ್ಲಿ, ವಿಕಿಪೀಡಿಯದಲ್ಲಿ, ಯಾರದೋ ಕೋಡಿನ ನಡುವಿನ ಟಿಪ್ಪಣಿಯಲ್ಲಿ. ಬರ್ನರ್ಸ್-ಲೀ 1998ರಲ್ಲೇ ಒಂದು ಟಿಪ್ಪಣಿ ಬರೆದು, ಪುಟದ ವಿಳಾಸ ಬದಲಾಗದಂತೆ ನೋಡಿಕೊಳ್ಳುವುದು ತಾಣ ನಡೆಸುವವರ ಹೊಣೆ ಎಂದು ವಾದಿಸಿದ್ದರು. ವಿಳಾಸದಲ್ಲಿ ತಂತ್ರಜ್ಞಾನದ ಹೆಸರು, ವಿಷಯ ವಿಂಗಡಣೆ ಇರಬಾರದು, ಅವು ಬದಲಾಗುವಂಥವು. ಬರೆದ ದಿನಾಂಕ ಇದ್ದರೆ ಅಡ್ಡಿಯಿಲ್ಲ, ಅದು ಬದಲಾಗುವುದಿಲ್ಲ ಎಂಬುದು ಅವರ ಸಲಹೆ. ‘ಡಾಟ್ ಪಿಎಚ್‌ಪಿ’ ಎಂದು ಮುಗಿಯುವ ಹಳೆಯ ವಿಳಾಸಗಳನ್ನು ಹೊಸ ವ್ಯವಸ್ಥೆಗೆ ತರಲು ಒದ್ದಾಡುವವರಿಗೆ ಆ ಸಲಹೆಯ ಬೆಲೆ ತಿಳಿಯುತ್ತದೆ.

ಮಾಡಬೇಕಾದ ಕ್ರಮ ಹೀಗೆ. ಹಳೆಯ ಡೇಟಾಬೇಸ್, ಆರ್ಕೈವ್, ಸರ್ವರಿನ ದಾಖಲೆ ಕಡತ ಇವುಗಳಿಂದ ಹಿಂದೆ ಇದ್ದ ವಿಳಾಸಗಳ ಪಟ್ಟಿ ಮಾಡಬೇಕು. ಸಾಧ್ಯವಾದಷ್ಟನ್ನು ಇದ್ದ ವಿಳಾಸದಲ್ಲೇ ಇಡಬೇಕು. ಬದಲಾದವಕ್ಕೆ ಹಳೆಯದರಿಂದ ಹೊಸದಕ್ಕೆ ಶಾಶ್ವತ ಮರುನಿರ್ದೇಶನ, ಅಂದರೆ 301 ಸಂಕೇತ ಕೊಡಬೇಕು. 302 ಕೊಟ್ಟರೆ ಅದು ತಾತ್ಕಾಲಿಕ ಎಂಬ ಅರ್ಥ. ಬೇಕೆಂದೇ ತೆಗೆದ ಪುಟಕ್ಕೆ 410 ಕೊಟ್ಟರೆ, ಇದು ಕಾಣೆಯಾದದ್ದಲ್ಲ, ತೆಗೆದದ್ದು ಎಂದು ಹುಡುಕುಯಂತ್ರಗಳಿಗೆ ತಿಳಿಯುತ್ತದೆ. ಎಲ್ಲ ಹಳೆಯ ವಿಳಾಸಗಳನ್ನೂ ಮುಖಪುಟಕ್ಕೆ ತಿರುಗಿಸುವ ಅಭ್ಯಾಸ ಕೆಲವರಿಗಿದೆ. ಅದರಿಂದ ಓದುಗ ಹುಡುಕಿ ಬಂದದ್ದು ಇದೆಯೋ ಇಲ್ಲವೋ ಗೊತ್ತಾಗದೆ ವಾಪಸಾಗುತ್ತಾನೆ.

ಕನ್ನಡ ಶೀರ್ಷಿಕೆಯನ್ನೇ ವಿಳಾಸವಾಗಿ ಬಳಸಿದ್ದವರು ಇಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ವಿಳಾಸದೊಳಗೆ ಹೋಗುವಾಗ ಕನ್ನಡದ ಒಂದು ಸಂಕೇತ 9 ರೋಮನ್ ಚಿಹ್ನೆಗಳಾಗುತ್ತದೆ. ವರ್ಡ್‌ಪ್ರೆಸ್ ವಿಳಾಸದ ಆ ಭಾಗಕ್ಕೆ ಇಟ್ಟಿರುವ ಮಿತಿ 200 ಚಿಹ್ನೆ. ಆದ್ದರಿಂದ 22 ಸಂಕೇತ ಮೀರಿದ ಕನ್ನಡ ಶೀರ್ಷಿಕೆಗಳು ನಡುವೆಯೇ ಕತ್ತರಿಸಿಹೋಗಿರುತ್ತವೆ. ಹೊಸ ತಂತ್ರಾಂಶ ಪೂರ್ತಿ ಶೀರ್ಷಿಕೆಯಿಂದ ವಿಳಾಸ ಕಟ್ಟಿದರೆ ಹಳೆಯ ಕೊಂಡಿ ಒಂದೂ ಹೊಂದುವುದಿಲ್ಲ. ಕತ್ತರಿಸಿದ ರೂಪವನ್ನೇ ಡೇಟಾಬೇಸಿನಿಂದ ತೆಗೆದು ಬಳಸಬೇಕು.

ಒಳಗಿನಿಂದ ಹೊರಗೆ ಹೋಗುವ ಕೊಂಡಿಗಳದ್ದು ಬೇರೆ ಕೆಲಸ. ಸತ್ತ ಕೊಂಡಿಯ ಜಾಗದಲ್ಲಿ ಬರೆದ ಕಾಲಕ್ಕೆ ಹತ್ತಿರದ ಆರ್ಕೈವ್ ಪ್ರತಿಯ ಕೊಂಡಿ ಕೊಡುವುದು ಸರಿಯಾದ ದಾರಿ. ಬೇರೆಯವರ ಕೈಗೆ ಹೋದ ಹೆಸರುಗಳನ್ನು ಮುಖ್ಯವಾಗಿ ತೆಗೆಯಬೇಕು, ಅದರಲ್ಲೂ ಹೊರಗಿನಿಂದ ತಂದ ಸ್ಕ್ರಿಪ್ಟ್‌ಗಳನ್ನು. ಹಳೆಯ ಬ್ರೌಸರ್‌ಗಳಿಗೆ ನೆರವಾಗಲೆಂದು ಅಸಂಖ್ಯ ತಾಣಗಳು ಸೇರಿಸಿಕೊಂಡಿದ್ದ ‘ಪಾಲಿಫಿಲ್’ ಎಂಬ ಸ್ಕ್ರಿಪ್ಟಿನ ಡೊಮೈನ್ 2024ರಲ್ಲಿ ಹೊಸ ಮಾಲೀಕರ ಕೈಸೇರಿತು. ಅದೇ ವರ್ಷದ ಜೂನ್ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ತಾಣಗಳ ಓದುಗರಿಗೆ ಅದರ ಮೂಲಕ ಕಳ್ಳ ಕೋಡ್ ಹೋಗುತ್ತಿದ್ದುದು ಬಯಲಾಯಿತು. ಹಳೆಯ ಪುಟದಲ್ಲಿ ಹೊರಗಿನ ಸ್ಕ್ರಿಪ್ಟ್ ಏನಿದ್ದರೂ ಅದನ್ನು ತೆಗೆದೇ ಪುಟವನ್ನು ಮತ್ತೆ ಏರಿಸಬೇಕು.

ಓದುಗರ ಮುಂದೆ ಇಡುವುದು

ಬಿಡುವಿನ ನಡುವೆ ಬ್ರೌಸರ್‌ಗಳ ನಿರೀಕ್ಷೆಯೂ ಬದಲಾಗಿದೆ. ಕ್ರೋಮ್ 2018ರ ಜುಲೈಯಿಂದ ಎಚ್‌ಟಿಟಿಪಿಎಸ್ ಇಲ್ಲದ ತಾಣವನ್ನು ಸುರಕ್ಷಿತವಲ್ಲ ಎಂದು ತೋರಿಸುತ್ತದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ 2015ರ ಕೊನೆಯಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಅದರ ಅವಧಿ 90 ದಿನ; ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು 2029ರ ಹೊತ್ತಿಗೆ 47 ದಿನಕ್ಕೆ ಇಳಿಸಲು ಸಂಬಂಧಪಟ್ಟ ಒಕ್ಕೂಟ ತೀರ್ಮಾನಿಸಿದೆ. ಕೈಯಾರೆ ನವೀಕರಿಸುವ ಮಾತೇ ಇಲ್ಲ, ಅದು ತಾನಾಗಿ ನಡೆಯುವ ಏರ್ಪಾಟು ಬೇಕು. ಹಳೆಯ ಪುಟಗಳಲ್ಲಿ ಚಿತ್ರ, ಸ್ಕ್ರಿಪ್ಟ್‌ಗಳ ಕೊಂಡಿ ಎಚ್‌ಟಿಟಿಪಿ ಎಂದೇ ಇದ್ದರೆ ಅವನ್ನೂ ತಿದ್ದಬೇಕು. ಇನ್ನು ವಿನ್ಯಾಸದ ಮಾತು. ಮೇಜಿನ ಕಂಪ್ಯೂಟರಿನ ಅಗಲಕ್ಕೆ ಅಳೆದು ಮಾಡಿದ ಪುಟ ಫೋನಿನಲ್ಲಿ ಓದಲಾಗದು. ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ವಿನ್ಯಾಸದ ಬಗ್ಗೆ ಈಥನ್ ಮಾರ್ಕಾಟ್ 2010ರಲ್ಲಿ ಬರೆದ ಮೇಲೆ ಅದೇ ವಾಡಿಕೆಯಾಗಿದೆ. ಕನ್ನಡಕ್ಕೆ ಸಾಲುಗಳ ನಡುವೆ ಒತ್ತಕ್ಷರ ಇಳಿಯುವಷ್ಟು ಜಾಗ ಬಿಟ್ಟರೆ ಸಾಕು, ಮಿಕ್ಕದ್ದು ರುಚಿಗೆ ಬಿಟ್ಟದ್ದು.

ಆರ್‌ಎಸ್‌ಎಸ್ ಫೀಡ್ ಮರೆಯಬಾರದು. ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತಾಗ ಫೀಡ್‌ಗಳ ಕಾಲ ಮುಗಿಯಿತು ಎಂದವರು ಬಹಳ. ಆದರೆ ತಾಂತ್ರಿಕ ಬರಹ ಓದುವವರು ಬೇರೆ ರೀಡರ್‌ಗಳಲ್ಲಿ ಹಳೆಯ ಫೀಡ್‌ಗಳನ್ನು ಹಾಗೆಯೇ ಇಟ್ಟುಕೊಂಡಿರುತ್ತಾರೆ. ಹಳೆಯ ಫೀಡಿನ ವಿಳಾಸ ಮತ್ತೆ ಜೀವ ಪಡೆದರೆ ವರ್ಷಗಳ ಹಿಂದೆ ಸೇರಿದ್ದ ಓದುಗರಿಗೆ ಹೊಸ ಬರಹ ತಾನಾಗಿ ತಲುಪುತ್ತದೆ. ಪ್ರತಿ ಬರಹಕ್ಕೆ ಫೀಡಿನಲ್ಲಿದ್ದ ಗುರುತಿನ ಸಂಖ್ಯೆಯನ್ನು ಬದಲಿಸಬಾರದು. ಬದಲಿಸಿದರೆ ಹತ್ತು ವರ್ಷದ ಹಳೆಯ ಬರಹಗಳೆಲ್ಲ ಹೊಸದೆಂಬಂತೆ ಒಂದೇ ಸಲ ಅವರ ಮುಂದೆ ಬಂದು ಸುರಿಯುತ್ತವೆ.

ಹಳೆಯ ಬರಹಗಳನ್ನು ಕಂಡು ಬರೆದವರಿಗೆ ಮುಜುಗರವಾಗುವುದು ಸಹಜ. ಅಳಿಸುವುದಕ್ಕಿಂತ ದಿನಾಂಕವನ್ನು ಎದ್ದು ಕಾಣುವಂತೆ ಹಾಕಿ, ಕಾಲ ಮೀರಿದ್ದಕ್ಕೆ ಮೇಲುಗಡೆ ಒಂದು ಸಾಲು ಸೇರಿಸುವುದು ಮೇಲು. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ರಂದು ನಿಂತಿತು. ಅದರ ಬಗ್ಗೆ ಬರೆದದ್ದು ಇಂದು ಹೊಸಬರನ್ನು ದಾರಿ ತಪ್ಪಿಸಬಹುದು, ಆದರೆ ಹಳೆಯ ವ್ಯವಸ್ಥೆ ಸರಿಪಡಿಸುತ್ತಿರುವ ಯಾರಿಗೋ ಅದೇ ಬೇಕಾಗಿರುತ್ತದೆ. ಸುರಕ್ಷತೆಯ ವಿಷಯದಲ್ಲಿ ತಪ್ಪು ಸಲಹೆ ಕೊಟ್ಟ ಬರಹವಿದ್ದರೆ ಅದನ್ನು ತಿದ್ದದೆ ಬಿಡುವಂತಿಲ್ಲ. ಬೇರೆಯವರ ಫೋನ್ ಸಂಖ್ಯೆ, ಫೋಟೊ, ಹಿಂದಿನ ಕಂಪನಿಯ ಒಳವಿವರ ಇದ್ದರೆ ತೆಗೆಯಲೇಬೇಕು. ಪರಿಚಯ ಪುಟದ ಇಮೇಲ್, ಅವಧಿ ಮುಗಿದ ಗೂಢಲಿಪಿ ಕೀಲಿ ಇವನ್ನೂ ಬದಲಿಸಬೇಕು. ಇಷ್ಟಾದ ಮೇಲೆ ಮೊದಲ ಹೊಸ ಬರಹ ಬರಲಿ. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂಬ ವಿವರಣೆಗಿಂತ, ಈ ನಡುವೆ ಕಲಿತ ಒಂದು ವಿಷಯದ ಬರಹ ಓದುಗರಿಗೆ ಹೆಚ್ಚು ಉಪಯೋಗ.

ಮತ್ತೊಂದು ಬಿಡುವು ಬಂದೇ ಬರುತ್ತದೆ ಎಂದು ಇಟ್ಟುಕೊಂಡು ಕೆಲವು ಏರ್ಪಾಟು ಈಗಲೇ ಮಾಡಬಹುದು. ಡೊಮೈನನ್ನು ಹೆಚ್ಚಿನ ಅವಧಿಗೆ ನವೀಕರಿಸಿ, ನವೀಕರಣದ ಎಚ್ಚರಿಕೆ ಆ ಡೊಮೈನಿನದ್ದಲ್ಲದ ಇಮೇಲ್‌ಗೆ ಬರುವಂತೆ ಮಾಡುವುದು. ಹೊಸ ಪುಟ ಏರಿಸಿದಾಗಲೆಲ್ಲ ವೇಬ್ಯಾಕ್ ಮಷೀನ್‌ಗೆ ಅದರ ವಿಳಾಸ ಕೊಟ್ಟು ಪ್ರತಿ ತೆಗೆಸುವುದು. ಇಡೀ ತಾಣದ ನಕಲನ್ನು ಮನೆಯ ಡಿಸ್ಕಿನಲ್ಲೂ ಬೇರೆ ಊರಿನಲ್ಲಿರುವ ಒಬ್ಬರ ಬಳಿಯೂ ಇಡುವುದು. ಬರಹಗಳನ್ನು ಬೇರೆಯವರು ನಕಲು ಮಾಡಿ ಉಳಿಸಿಕೊಳ್ಳಲು ಅನುಮತಿಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಿದರೆ ಮಾಲೀಕರ ಅನುಮತಿ ಕೇಳಲಾಗದ ಕಾಲದಲ್ಲೂ ಅವು ಉಳಿಯುವ ದಾರಿ ಇರುತ್ತದೆ. ಬರೆದವರು ತೀರಿಕೊಂಡಾಗ ಸ್ವಂತ ತಾಣ ಸಾಮಾನ್ಯವಾಗಿ ಮುಂದಿನ ನವೀಕರಣದ ದಿನದವರೆಗೆ ಮಾತ್ರ ಬಾಳುತ್ತದೆ, ಕಾರ್ಡಿನಿಂದ ಹಣ ಕಡಿತವಾಗದಿದ್ದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಡೊಮೈನ್ ಯಾವ ಸಂಸ್ಥೆಯಲ್ಲಿ ನೋಂದಣಿಯಾಗಿದೆ, ಕಡತಗಳು ಎಲ್ಲಿವೆ, ಶುಲ್ಕ ಎಷ್ಟು, ಖಾತೆಗೆ ಪ್ರವೇಶ ಹೇಗೆ ಎಂಬುದನ್ನು ಬ್ಯಾಂಕಿನ ಪಾಸ್‌ಬುಕ್, ವಿಮಾ ಪತ್ರಗಳ ಜೊತೆ ಒಂದು ಹಾಳೆಯಲ್ಲಿ ಬರೆದಿಟ್ಟು ಮನೆಯವರಿಗೆ ತಿಳಿಸಿರಬೇಕು.